ಕರೆಯದೆ ಬಂದ ನಿಷಾದ

ಯಾರಾದರೂ ಬೇಸರ ಬರುವಷ್ಟು ಮಾತನಾಡಿದರೆ ‘ಪಿಟೀಲು ಕುಯ್ಯುತ್ತಾನೆ’ ಎನ್ನುವುದು ನಮ್ಮಲ್ಲಿ ರೂಢಿ. ಈ ಮಾತನ್ನು ಹುಟ್ಟಿಸಿದ ಪುಣ್ಯಾತ್ಮನ ನೆರೆಮನೆಯಲ್ಲಿ ನನ್ನಂಥವನೊಬ್ಬ ಅಭ್ಯಾಸ ಮಾಡುತ್ತಿದ್ದಿರಬೇಕು. ಹತ್ತು ವರ್ಷದಿಂದ ನಿಜವಾಗಿಯೇ ಪಿಟೀಲು ಕುಯ್ಯುತ್ತಿರುವ ನನ್ನನ್ನು ವಾಚಕರು ಒಂದೆರಡು ಪುಟ ಸೈರಿಸಿಕೊಳ್ಳಬೇಕು.

ಕಳೆದ ಕಾಲೇಜು ದಿನಾಚರಣೆಯಂದು ನಾನೂ ಗೆಳೆಯನೊಬ್ಬನೂ ಸೇರಿ ‘ಹೊಸ ಸಂಗೀತ’ವೊಂದನ್ನು ನುಡಿಸಿದ್ದು ಹಲವರಿಗೆ ನೆನಪಿರಬಹುದು. ನನ್ನದು ಪಿಟೀಲು, ಅವನದು ಕೀಬೋರ್ಡು. ಮೋಹನ ರಾಗದಲ್ಲಿ ನಾನೊಂದು ಪುಟ್ಟ ರಚನೆ ಮಾಡಿಕೊಂಡಿದ್ದೆ. ಮೋಹನಕ್ಕೆ ಐದೇ ಸ್ವರ. ಮಧ್ಯಮವಾಗಲಿ ನಿಷಾದವಾಗಲಿ ಅಲ್ಲಿ ಕಾಲಿಡುವಂತಿಲ್ಲ. ನಾನು ಪಂಚಮದ ಮೇಲೆ ನಿಂತೆ. ಗೆಳೆಯ ಪಾಶ್ಚಾತ್ಯ ಕ್ರಮದಂತೆ ಪಂಚಮ, ನಿಷಾದ, ರಿಷಭ ಮೂರನ್ನೂ ಒಟ್ಟಿಗೆ ಒತ್ತಿದ. ಅವನ ಶಾಸ್ತ್ರಕ್ಕೆ ಅದು ಸರಿಯೇ. ಆದರೆ ನಿಷಾದ ಒಳಗೆ ಬಂದೊಡನೆ ಮೋಹನ ಹೊರಗೆ ಹೋಯಿತು. ಸಭೆ ಚಪ್ಪಾಳೆ ತಟ್ಟಿತು. ಮೊದಲ ಸಾಲಿನಲ್ಲಿದ್ದ ನನ್ನ ಸಂಗೀತದ ಮೇಷ್ಟ್ರು ಮಾತ್ರ ಶಲ್ಯ ಕೊಡವಿ ಎದ್ದು ಹೋದರು.

ಮರುದಿನ ಪಾಠಕ್ಕೆ ಹೋದಾಗ, “ಆ ನಿಷಾದವನ್ನು ಕರೆದವರು ಯಾರಯ್ಯ?” ಎಂದಷ್ಟೇ ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಆಮೇಲೆ ನಾನು ಡಾ. ಎಲ್. ಸುಬ್ರಹ್ಮಣ್ಯಂ ಅವರ ವಿಷಯವನ್ನು ಬೇರೆ ಕಣ್ಣಿನಿಂದ ಓದಲಾರಂಭಿಸಿದೆ. 1947ರಲ್ಲಿ ಮದರಾಸಿನಲ್ಲಿ ಹುಟ್ಟಿದ ಅವರು ಬಾಲ್ಯ ಕಳೆದದ್ದು ಸಿಂಹಳದ ಜಾಫ್ನಾದಲ್ಲಿ. ತಂದೆ ವಿ. ಲಕ್ಷ್ಮೀನಾರಾಯಣ ಅವರೇ ಗುರು. 1958ರ ಗಲಭೆಯ ತರುವಾಯ ಕುಟುಂಬ ಮದರಾಸಿಗೆ ಮರಳಿತು. ಅಲ್ಲಿ ಚೆಂಬೈ ವೈದ್ಯನಾಥ ಭಾಗವತರಂಥ ಹಿರಿಯರಿಗೆ ಪಕ್ಕವಾದ್ಯ ನುಡಿಸಿದರು. ವೈದ್ಯಕೀಯ ಪದವಿಯನ್ನೂ ಪಡೆದರು. (ಇದನ್ನು ನಮ್ಮ ತಂದೆಯವರಿಗೆ ಹೇಳಿದಾಗ, “ಮೊದಲು ಡಾಕ್ಟರಾದರು, ನೋಡು!” ಎಂದರೇ ಹೊರತು ಮುಂದಿನದನ್ನು ಕೇಳುವ ತಾಳ್ಮೆ ತೋರಲಿಲ್ಲ.) ಮುಂದಿನದೇನೆಂದರೆ, ಅವರು ಕ್ಯಾಲಿಫೋರ್ನಿಯಾಕ್ಕೆ ಹೋಗಿ ಪಾಶ್ಚಾತ್ಯ ಸಂಗೀತವನ್ನು ಕಲಿತರು. 1985ರಲ್ಲಿ ಜುಬಿನ್ ಮೆಹ್ತಾ ಅವರ ನಿರ್ದೇಶನದಲ್ಲಿ ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್ ವಾದ್ಯವೃಂದ ಅವರ ‘ಫ್ಯಾಂಟಸಿ ಆನ್ ವೇದಿಕ್ ಚಾಂಟ್ಸ್’ ಕೃತಿಯನ್ನು ನುಡಿಸಿತು. 1988ರ ‘ಸಲಾಂ ಬಾಂಬೆ’ ಚಿತ್ರದ ಸಂಗೀತವೂ ಅವರದೇ. ಬಹುಕಾಲದಿಂದ ಅವರು ಬೆಂಗಳೂರಿನವರು. 2025ರ ಪದ್ಮವಿಭೂಷಣ ಅವರಿಗೆ ಬಂದದ್ದು ಕರ್ನಾಟಕದ ಲೆಕ್ಕದಲ್ಲಿಯೇ.

ಪ್ರಶಸ್ತಿಗಳ ಮಾತು ಹಾಗಿರಲಿ. ನನ್ನನ್ನು ಕಾಡಿದ್ದು ಬೇರೆ. ನಮ್ಮ ಪಿಟೀಲುಗಾರ ನೆಲದ ಮೇಲೆ ಕುಳಿತು, ವಾದ್ಯದ ತಲೆಯನ್ನು ಬಲಪಾದದ ಮೇಲೆ ಊರಿ, ಎಡಗೈಯನ್ನು ತಂತಿಯ ಉದ್ದಕ್ಕೂ ಜಾರಲು ಬಿಡುತ್ತಾನೆ. ಆ ಜಾರುವಿಕೆಯಲ್ಲಿಯೇ ಗಮಕದ ಜೀವ. ಅವರಲ್ಲಾದರೋ ಎಂಬತ್ತು ತೊಂಬತ್ತು ಜನ ಕುರ್ಚಿಯ ಮೇಲೆ ಕುಳಿತು, ಮುಂದಿರುವ ಹಾಳೆಯಲ್ಲಿ ಬರೆದದ್ದನ್ನೇ ನುಡಿಸುವವರು. ಗಮಕವನ್ನು ಪೂರ್ತಿಯಾಗಿ ಹಾಳೆಗಿಳಿಸುವುದು ಯಾರಿಂದಾದೀತು? ಅಷ್ಟು ಜನರಿಗೂ ಮನೋಧರ್ಮಕ್ಕೆ ಅಪ್ಪಣೆ ಕೊಟ್ಟರೆ ಸಂತೆಯಾದೀತು! ಆದಕಾರಣ, ಇವರಿಬ್ಬರನ್ನೂ ಒಂದೆಡೆ ಕೂಡಿಸುವವನು ಯಾವ ಸ್ವರವನ್ನು ಯಾರಿಗೆ ಕೊಡಬೇಕು, ಯಾವುದನ್ನು ಯಾರಿಗೂ ಕೊಡಬಾರದು ಎಂಬುದನ್ನು ಮೊದಲೇ ಕಂಡಿರಬೇಕು.

ಹಾಗೆಂದು ಈ ಕೂಡಿಕೆ ನಮಗೆ ತೀರ ಹೊಸತೂ ಅಲ್ಲ. ಯೂರೋಪಿನ ಈ ವಾದ್ಯವನ್ನು ಬಾಲುಸ್ವಾಮಿ ದೀಕ್ಷಿತರು ಕಲಿತು ನಮ್ಮ ಸಂಗೀತಕ್ಕೆ ಒಗ್ಗಿಸಿ ಇನ್ನೂರು ವರ್ಷವಾಗಿದೆ. ಅಂದು ಎಷ್ಟು ಮೇಷ್ಟ್ರುಗಳು ಶಲ್ಯ ಕೊಡವಿ ಎದ್ದಿದ್ದರೋ!

ನಾನು ಮಾಡಿದ್ದೇನು? ನನ್ನ ಪಾಲನ್ನು ಮಾತ್ರ ಬರೆದುಕೊಂಡು, ಗೆಳೆಯನ ಪಾಲನ್ನು ಅವನ ಕೈಗೆ ಬಿಟ್ಟಿದ್ದೆ. ತಪ್ಪು ಅವನದೆಂದು ಒಂದು ತಿಂಗಳು ಅವನೊಡನೆ ಮಾತನ್ನೂ ಬಿಟ್ಟಿದ್ದೆ. ನಿಷಾದವನ್ನು ಕರೆದವನು ನಾನೇ.

ಈಗ ಅವನ ಪಾಲನ್ನೂ ಬರೆಯುತ್ತಿದ್ದೇನೆ. ಪಂಚಮದ ಜೊತೆಗೆ ಬರಿಯ ರಿಷಭವನ್ನಿಟ್ಟರೆ ತೆಳ್ಳಗೆ ಕೇಳುತ್ತದೆ. ಧೈವತವನ್ನೂ ಸೇರಿಸಿದರೆ ಸ್ವಲ್ಪ ಒರಟು, ಆದರೆ ರಾಗ ಮನೆಬಿಟ್ಟು ಹೋಗುವುದಿಲ್ಲ. ತಂದೆಯವರು ತಂದಿಟ್ಟ ಬಿ.ಎಡ್. ಅರ್ಜಿ ಅದೇ ಮೇಜಿನ ಮೇಲೆ ಖಾಲಿಯಾಗಿಯೇ ಬಿದ್ದಿದೆ. ಮೊನ್ನೆ ಧೈರ್ಯ ಮಾಡಿ ಹಾಳೆಯನ್ನು ಮೇಷ್ಟ್ರಿಗೆ ತೋರಿಸಿದೆ. ಅವರು ಕನ್ನಡಕವೇರಿಸಿ ಬಹಳ ಹೊತ್ತು ನೋಡಿದರು. ಒಂದು ಕಡೆ ಗುನುಗಿದರು, ಇನ್ನೊಂದು ಕಡೆ ಮುಖ ಸಿಂಡರಿಸಿದರು. ಕೊನೆಗೆ, “ಭಾನುವಾರ ಆ ಹುಡುಗನನ್ನು ಕರೆದುಕೊಂಡು ಬಾ. ಅವನ ಪೆಟ್ಟಿಗೆಯನ್ನೂ ತರಲಿ” ಎಂದರು.