ಬೀಜಕ್ಕೆ ಮೂವತ್ತು ವರ್ಷ, ಬಜೆಟ್ಟಿಗೆ ಒಂದು

ಅಮೆರಿಕದ ಒರೆಗಾನ್ ರಾಜ್ಯದ ದಕ್ಷಿಣ ಕರಾವಳಿ. ಕೂಸ್ ಕೌಂಟಿಯ ಬ್ಯಾಂಡನ್ ಎಂಬ ಊರು, ಜನಸಂಖ್ಯೆ ಮೂರು ಸಾವಿರ ಚಿಲ್ಲರೆ. ವಸಂತದಲ್ಲಿ ಹೆದ್ದಾರಿ 101ರ ಅಕ್ಕಪಕ್ಕ ಎಲ್ಲಿ ನೋಡಿದರೂ ಹಳದಿ ಹೂ. ಹತ್ತಿರ ಹೋದರೆ ತೆಂಗಿನಕಾಯಿಯ ಪರಿಮಳ, ಕೈಯಿಟ್ಟರೆ ಮುಳ್ಳು. ಪ್ರವಾಸಿಗರು ಕಾರು ನಿಲ್ಲಿಸಿ ಫೋಟೊ ತೆಗೆಯುತ್ತಾರೆ. ಈ ಗಿಡದ ಹೆಸರು ಗೋರ್ಸ್. ರಾಜ್ಯ ಸರ್ಕಾರದ ಅಪಾಯಕಾರಿ ಕಳೆಗಳ ಪಟ್ಟಿಯಲ್ಲಿ ಅದಕ್ಕೆ ಖಾಯಂ ಜಾಗ.

1873ರಲ್ಲಿ ಐರ್ಲೆಂಡಿನಿಂದ ಬಂದ ಜಾರ್ಜ್ ಬೆನೆಟ್ ಎಂಬವರು ತಮ್ಮ ಹುಟ್ಟೂರಿನ ಹೆಸರನ್ನೇ ಈ ಊರಿಗೂ ಇಟ್ಟರು. ಬೇಲಿಗೆಂದು ಗೋರ್ಸ್ ತಂದವರೂ ಅವರೇ ಎಂದು ಊರಿನ ಚರಿತ್ರೆ ಹೇಳುತ್ತದೆ. ನಮಗೂ ಈ ಗಿಡ ತೀರಾ ಅಪರಿಚಿತವಲ್ಲ. ಬ್ರಿಟಿಷರು ನೀಲಗಿರಿಗೆ ತಂದ ಗೋರ್ಸ್ ಮತ್ತು ಅದರ ಬಂಧು ಸ್ಕಾಚ್ ಬ್ರೂಮ್ ಊಟಿಯ ಮೇಲಣ ಹುಲ್ಲುಗಾವಲುಗಳಲ್ಲಿ ಇಂದಿಗೂ ಇವೆ.

*

1936ರ ಸೆಪ್ಟೆಂಬರ್ 26. ಪೂರ್ವದ ಕಾಡಿನಲ್ಲಿ ಉರಿಯುತ್ತಿದ್ದ ಬೆಂಕಿ ಗಾಳಿ ತಿರುಗಿ ಊರಿನ ಕಡೆ ಬಂತು. ಗೋರ್ಸಿನ ಮೈತುಂಬ ಎಣ್ಣೆ, ಬುಡದಲ್ಲಿ ಒಣಗಿದ ಕಡ್ಡಿಯ ರಾಶಿ. ಬೇಲಿಯಿಂದ ಬೇಲಿಗೆ ಬೆಂಕಿ ಹಾರಿತು. ಊರು ಬಹುತೇಕ ಬೂದಿಯಾಯಿತು, ಹತ್ತರಷ್ಟು ಜನ ಸತ್ತರು.

ಊರನ್ನೇ ಸುಟ್ಟ ಗಿಡವನ್ನು ಜನ ಸುಮ್ಮನೆ ಬಿಡುವುದುಂಟೇ? ಆದರೂ ಸುಮಾರು ತೊಂಬತ್ತು ವರ್ಷಗಳ ನಂತರ ಅದೇ ಊರಿನ ಸುತ್ತ ಅದೇ ಗಿಡ ನಿಂತಿದೆ. ನನ್ನ ಗೊಂದಲ ಶುರುವಾದದ್ದು ಇಲ್ಲಿಂದ.

*

ಮೊದಲ ಉತ್ತರ ಗಿಡದ ಸ್ವಭಾವದಲ್ಲೇ ಇದೆ. ಗೋರ್ಸಿನ ಬೀಜ ಮಣ್ಣಿನೊಳಗೆ ಮೂವತ್ತು ವರ್ಷ, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು ಕಾಲ ಜೀವ ಹಿಡಿದುಕೊಂಡಿರುತ್ತದೆ. ಕಡಿದರೆ ಬುಡ ಚಿಗುರುತ್ತದೆ. ಸುಟ್ಟರೆ ಗಿಡ ಸಾಯಬಹುದು, ಆದರೆ ಆ ಕಾವಿಗೆ ನೆಲದೊಳಗಿನ ಬೀಜಗಳು ಎಚ್ಚೆತ್ತು ಒಟ್ಟಿಗೆ ಮೊಳೆಯುತ್ತವೆ.

ಅಂದರೆ ಒಂದು ವರ್ಷ ಯಂತ್ರ ತಂದು ಸವರಿ ಮರುವರ್ಷ ಆ ಕಡೆ ತಲೆ ಹಾಕದಿದ್ದರೆ ಹಾಕಿದ ಹಣವೆಲ್ಲ ನೀರಿನಲ್ಲಿ ಹೋಮ. ತೆರವಾದ ನೆಲಕ್ಕೆ ಬಿಸಿಲು ಬಿದ್ದು ಸಸಿಗಳು ಇನ್ನೂ ಹುಮ್ಮಸ್ಸಿನಿಂದ ಏಳುತ್ತವೆ. ಅರೆಬರೆ ಕೆಲಸಕ್ಕಿಂತ ಕೆಲಸ ಮಾಡದಿರುವುದೇ ಅಗ್ಗವಾಗುವ ವಿಚಿತ್ರ ವ್ಯವಹಾರ ಇದು.

*

ಕಾನೂನು ಇಲ್ಲವೇ? ಇದೆ, ಸಾಕಷ್ಟು ಬಿಗಿಯಾಗಿಯೇ ಇದೆ. ಕೌಂಟಿ ಆಡಳಿತ ಒಂದು ಪ್ರದೇಶವನ್ನು ಕಳೆ ನಿಯಂತ್ರಣ ಜಿಲ್ಲೆ ಎಂದು ಸಾರಿದರೆ, ಅಲ್ಲಿನ ಭೂಮಾಲೀಕರು ಕಳೆಯನ್ನು ಬೀಜ ಕಟ್ಟುವ ಮೊದಲೇ ನಾಶ ಮಾಡಬೇಕು. ಮಾಡದಿದ್ದರೆ ಕಳೆ ಇನ್‌ಸ್ಪೆಕ್ಟರ್ ಬಂದು ಮಾಡಿಸಿ ಖರ್ಚನ್ನು ಆ ಜಮೀನಿನ ಮೇಲೆ ಹೊರಿಸಬಹುದು.

ನಮ್ಮಲ್ಲೂ 1975ರಲ್ಲೇ ಪಾರ್ಥೇನಿಯಂ ಅನ್ನು ಅಪಾಯಕಾರಿ ಕಳೆ ಎಂದು ಸರ್ಕಾರ ಘೋಷಿಸಿತ್ತು. ಆ ಘೋಷಣೆ ಓದಿ ಗಿಡ ಗಾಬರಿಯಾದ ಲಕ್ಷಣವಿಲ್ಲ. ಎರಡೂ ಕಡೆ ಕಾನೂನು ಓಡಾಡಬೇಕಾದರೆ ಒಬ್ಬ ಮನುಷ್ಯ, ಅವನಿಗೊಂದು ಗಾಡಿ, ತಿಂಗಳ ಸಂಬಳ ಬೇಕು. ಒರೆಗಾನಿನಲ್ಲಿ ಅದನ್ನು ಕೊಡಬೇಕಾದದ್ದು ಕೌಂಟಿ. ಹಾಗಾಗಿ ಕೌಂಟಿಯ ಖಜಾನೆಗೆ ಹಣ ಎಲ್ಲಿಂದ ಬರುತ್ತಿತ್ತು ಎಂದು ಹುಡುಕಿದೆ.

*

ಬರುತ್ತಿದ್ದದ್ದು ಮರದಿಂದ. ಬ್ಯಾಂಡನ್ನಿಗೆ ಸ್ವಲ್ಪವೇ ಉತ್ತರದ ಕೂಸ್ ಬೇ ಬಂದರು ಒಂದು ಕಾಲಕ್ಕೆ ಲೋಕದಲ್ಲೇ ಅತಿ ಹೆಚ್ಚು ಮರ ಸಾಗಿಸುವ ಬಂದರೆಂದು ಬೀಗುತ್ತಿತ್ತು. ಈ ಸೀಮೆಯ ಕಾಡಿನ ದೊಡ್ಡ ಪಾಲು ಕೇಂದ್ರ ಸರ್ಕಾರದ್ದು. ಪಕ್ಕದ ಕರಿ ಕೌಂಟಿಯಲ್ಲಂತೂ ಅರ್ಧಕ್ಕಿಂತ ಹೆಚ್ಚು ನೆಲ ಅದರದೇ. ಸರ್ಕಾರಿ ಜಮೀನಿಗೆ ತೆರಿಗೆಯಿಲ್ಲ. ಬದಲಿಗೆ 1908ರ ಕಾನೂನು ರಾಷ್ಟ್ರೀಯ ಅರಣ್ಯಗಳ ಆದಾಯದಲ್ಲಿ ಶೇ. 25 ಪಾಲನ್ನು ಸ್ಥಳೀಯ ಶಾಲೆ, ರಸ್ತೆಗಳಿಗೆ ಕೊಟ್ಟಿತು. ಹಿಂದೆ ರೈಲ್ವೆ ಕಂಪನಿಗೆ ಕೊಟ್ಟು ಮತ್ತೆ ವಾಪಸು ಪಡೆದ ಕಾಡುಗಳ ವಿಷಯದಲ್ಲಿ 1937ರ ಕಾನೂನು ಇನ್ನೂ ಧಾರಾಳಿ. ಮರ ಮಾರಿದ ಹಣದಲ್ಲಿ ಅರ್ಧ, ಒರೆಗಾನಿನ 18 ಕೌಂಟಿಗಳಿಗೆ ಬರುತ್ತಿತ್ತು.

1990ರಲ್ಲಿ ಈ ಕಾಡುಗಳಲ್ಲಿ ಬದುಕುವ ಚುಕ್ಕೆ ಗೂಬೆಯನ್ನು ಅಪಾಯದಂಚಿನ ಜೀವಿ ಎಂದು ಘೋಷಿಸಿದರು. ಕೋರ್ಟು ಮರ ಮಾರಾಟಕ್ಕೆ ತಡೆ ಕೊಟ್ಟಿತು. 1994ರಲ್ಲಿ ಹೊಸ ಅರಣ್ಯ ಯೋಜನೆ ಬಂತು. ಸರ್ಕಾರಿ ಕಾಡುಗಳ ಮರ ಕಡಿತ 1980ರ ದಶಕದ ಕೊನೆಗೆ ಹೋಲಿಸಿದರೆ ಶೇ. 80ಕ್ಕೂ ಹೆಚ್ಚು ಇಳಿಯಿತು. ಮಿಲ್ಲುಗಳು ಮುಚ್ಚಿದವು. ಕಾಡು ಉಳಿಸಿದ್ದು ತಪ್ಪು ಅನ್ನುವ ಧೈರ್ಯ ನನಗಿಲ್ಲ. ಆ ತೀರ್ಮಾನದ ಬಿಲ್ಲು ಯಾರ ಮನೆಗೆ ಬಂತು ಎಂದು ಮಾತ್ರ ಗುರುತು ಹಾಕಿಕೊಂಡೆ.

*

ಇನ್ನೊಂದು ಗಂಟು ತೆರಿಗೆಯದು. ಮರದ ಹಣ ಧಾರಾಳವಾಗಿ ಬರುತ್ತಿದ್ದಾಗ ಈ ಕೌಂಟಿಗಳು ಮನೆ, ಜಮೀನಿನ ತೆರಿಗೆಯನ್ನು ತೀರಾ ಕಡಿಮೆ ಇಟ್ಟಿದ್ದವು. ಆಗ ಅದು ಒಳ್ಳೆಯ ಆಡಳಿತದ ಗುರುತು. 1997ರಲ್ಲಿ ರಾಜ್ಯದ ಮತದಾರರು ‘ಮೆಷರ್ 50’ ಎಂಬ ತಿದ್ದುಪಡಿಗೆ ಒಪ್ಪಿಗೆ ಕೊಟ್ಟರು. ಅದು ಪ್ರತಿ ಸ್ಥಳೀಯ ಸಂಸ್ಥೆಗೂ ಒಂದು ಖಾಯಂ ತೆರಿಗೆ ದರ ಕಟ್ಟಿಬಿಟ್ಟಿತು. ಕರಿ ಕೌಂಟಿಗೆ ಸಿಕ್ಕಿದ್ದು ಸಾವಿರ ಡಾಲರ್ ಮೌಲ್ಯಕ್ಕೆ ಸುಮಾರು 60 ಸೆಂಟ್. ಅದರ ನೆರೆಯ ಜೋಸೆಫೀನ್ ಕೌಂಟಿಗೆ ಅದಕ್ಕೂ ಒಂದು ಸೆಂಟ್ ಕಡಿಮೆ.

ಲೆಕ್ಕ ಹಾಕಿ ನೋಡಿ. ತೆರಿಗೆ ಪುಸ್ತಕದಲ್ಲಿ ಎರಡು ಲಕ್ಷ ಡಾಲರ್ ಬೆಲೆಯಿರುವ ಮನೆಯಿಂದ ಕೌಂಟಿಗೆ ಈ ದರದಲ್ಲಿ ವರ್ಷಕ್ಕೆ ಬರುವುದು ಸುಮಾರು 120 ಡಾಲರ್. ಶಾಲೆ, ಅಗ್ನಿಶಾಮಕದ ತೆರಿಗೆ ಬೇರೆ. ಈ 120ರಲ್ಲೇ ಜೈಲು, ಶೆರಿಫ್, ಚುನಾವಣೆ, ದಾಖಲೆ ಕಚೇರಿ ಎಲ್ಲದಕ್ಕೂ ಪಾಲು. ಖಾಯಂ ದರವನ್ನು ಕೌಂಟಿಯ ಕಮಿಷನರುಗಳು ಮುಟ್ಟುವಂತಿಲ್ಲ. ಬೇಕಿದ್ದರೆ ಕೆಲವು ವರ್ಷದ ಮಟ್ಟಿಗೆ ಹೆಚ್ಚುವರಿ ತೆರಿಗೆ ಕೇಳಿ ಜನರ ಮತಕ್ಕೆ ಹೋಗಬೇಕು. ಉಂಡ ಕಾಲದ ಉದಾರತೆಯೇ ಉಪವಾಸದ ಕಾಲಕ್ಕೆ ಬೀಗವಾಯಿತು.

*

2012ರ ಮೇ ತಿಂಗಳಲ್ಲಿ ಜೋಸೆಫೀನ್ ಕೌಂಟಿ ಹಾಗೆ ಮತಕ್ಕೆ ಹೋಗಿ ಸೋತಿತು. ಶೆರಿಫ್ ಕಚೇರಿ ಬಹುಪಾಲು ಸಿಬ್ಬಂದಿಯನ್ನು ಮನೆಗೆ ಕಳಿಸಿತು, ರಾತ್ರಿ ಗಸ್ತು ನಿಂತಿತು. ಕೌಟುಂಬಿಕ ಹಿಂಸೆಯ ಭಯವಿರುವವರು ಪೊಲೀಸ್ ವ್ಯವಸ್ಥೆ ಸರಿಯಿರುವ ಕಡೆ ಹೋಗಿ ನೆಲೆಸುವುದನ್ನು ಯೋಚಿಸಲಿ ಎಂಬರ್ಥದ ಪ್ರಕಟಣೆಯೂ ಹೊರಬಿತ್ತು. ಮರುವರ್ಷ ಕರಿ ಕೌಂಟಿಯ ಮತದಾರರೂ ಬೇಡ ಎಂದರು.

ಜನರ ವಾದ ಅರ್ಥವಾಗದ್ದೇನಲ್ಲ. “ಕಾಡು ನಿಮ್ಮದು, ಕಡಿಯಬೇಡಿ ಅಂದವರೂ ನೀವೇ. ಹಾಗಾದರೆ ನಮ್ಮ ಜೇಬಿಗೆ ಯಾಕೆ ಕೈ ಹಾಕುತ್ತೀರಿ?” ನಿವೃತ್ತರಾಗಿ ಪಿಂಚಣಿಯಲ್ಲಿ ಬದುಕುವವರು ಬಹಳವಿರುವ ಸೀಮೆ. ಪೊಲೀಸರಿಗೇ ಹಣವಿಲ್ಲದ ಕಡೆ ಕಳೆ ಕೀಳಲು ಹಣ ಕೇಳಿದರೆ ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಅನ್ನದೆ ಇನ್ನೇನು ಅಂದಾರು? ಕಳೆಯ ಪರ ಯಾರೂ ಇಲ್ಲ ನಿಜ. ಆದರೆ ಅದರ ವಿರುದ್ಧ ಸಭೆಗೆ ಬಂದು ಕೂಗುವವರೂ ಇಲ್ಲ. ಹಾಗಾಗಿ ಇಂಥ ಕಾಲದಲ್ಲಿ ಮೊದಲು ಕತ್ತರಿ ಬೀಳುವುದು ಗದ್ದಲವಿಲ್ಲದ ಬಾಬತ್ತುಗಳಿಗೆ.

*

ಹಾಗಾದರೆ ಈಗ ನಡೆಯುತ್ತಿರುವ ಅಷ್ಟಿಷ್ಟು ಕೆಲಸ ಯಾವ ಹಣದಲ್ಲಿ? ಥೈಲಿಗಳನ್ನು ಪಟ್ಟಿ ಮಾಡಿದೆ.

ಒಂದು, ಕೇಂದ್ರದ ಪರಿಹಾರ. ಮರದ ಹಣ ನಿಂತದ್ದಕ್ಕೆ ಬದಲಿಯಾಗಿ 2000ದಲ್ಲಿ ಬಂದ ಕಾನೂನು. ಅದರ ಎರಡನೇ ಅಧ್ಯಾಯದ ಹಣವನ್ನು ಕಳೆ ನಿಯಂತ್ರಣಕ್ಕೆ ಬಳಸಬಹುದೆಂದು ಕಾನೂನಿನಲ್ಲೇ ಬರೆದಿದೆ. ಆದರೆ ಆ ಕಾನೂನಿಗೇ ಆಯಸ್ಸು ಕಡಿಮೆ. ಒಮ್ಮೆ ಒಂದು ವರ್ಷಕ್ಕೆ, ಒಮ್ಮೆ ನಾಲ್ಕು ವರ್ಷಕ್ಕೆ, ನಡುವೆ ಪೂರ್ತಿ ನಿಂತು ಮತ್ತೆ ಜೀವ ಪಡೆದು ಕುಂಟುತ್ತಾ ಸಾಗಿದೆ.

ಎರಡು, ಲಾಟರಿ. ರಾಜ್ಯದ ಕಳೆ ಮಂಡಳಿ ಕೊಡುವ ಅನುದಾನದ ಮೂಲ ಒರೆಗಾನ್ ಲಾಟರಿಯ ಆದಾಯ. ಯಾರೋ ಎಲ್ಲೋ ಅದೃಷ್ಟ ಪರೀಕ್ಷಿಸಿ ಸೋತರೆ ಇಲ್ಲೊಂದು ಮುಳ್ಳುಗಿಡ ಕೀಳಲಾಗುತ್ತದೆ. ನಗಬೇಕೋ ಬೇಡವೋ ತಿಳಿಯಲಿಲ್ಲ.

ಮೂರು, ಸ್ವಯಂಸೇವಕರ ಬೆನ್ನು. ಅದರ ಲೆಕ್ಕ ಯಾವ ಪುಸ್ತಕದಲ್ಲೂ ಇರುವುದಿಲ್ಲ.

*

ಸ್ಕಾಚ್ ಬ್ರೂಮಿನ ಬಗ್ಗೆ ಒಂದು ಮಾತು. ಮರಳು ಹಾರದಂತೆ ತಡೆಯಲಿ ಎಂದು ಇದೇ ಕರಾವಳಿಯಲ್ಲಿ ಬೇಕೆಂದೇ ನೆಟ್ಟ ಗಿಡ ಅದು. ಮರದ ಲಾರಿಗಳ ಚಕ್ರದ ಕೆಸರಿಗೆ ಅಂಟಿ ಕಾಡುದಾರಿ ಹಿಡಿಯಿತು, ಮರ ಕಡಿದು ಬೋಳಾದ ಜಾಗದಲ್ಲಿ ಬೇರೂರಿತು. ಹಣ ಬಂದದ್ದೂ ಅದೇ ದಾರಿಯಲ್ಲಿ, ಕಳೆ ಹೋದದ್ದೂ ಅದೇ ದಾರಿಯಲ್ಲಿ. ಹಣ ನಿಂತಿತು, ಕಳೆ ನಿಲ್ಲಲಿಲ್ಲ.

*

ಬ್ಯಾಂಡನ್ನಿನ ಉತ್ತರಕ್ಕೆ 1999ರಲ್ಲಿ ಬ್ಯಾಂಡನ್ ಡ್ಯೂನ್ಸ್ ಎಂಬ ಗಾಲ್ಫ್ ರೆಸಾರ್ಟ್ ಶುರುವಾಯಿತು. ಗೋರ್ಸ್ ಕವಿದಿದ್ದ ನೆಲವನ್ನೇ ಬಗೆದು ಮಾಡಿದ ಮೈದಾನ, ಇಂದು ಜಗತ್ಪ್ರಸಿದ್ಧ. ಅಂಚಿನಲ್ಲಿ ಉಳಿದ ಗೋರ್ಸ್ ಅದಕ್ಕೆ ಸ್ಕಾಟ್ಲೆಂಡಿನ ಕಳೆ ಕೊಟ್ಟಿತು. ಹಣವಿದ್ದರೆ ಈ ಗಿಡವನ್ನು ಹತೋಟಿಗೆ ತರಬಹುದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಪ್ರವಾಸಿಗರ ಹಣ ಹರಿಯುತ್ತಿದೆಯಲ್ಲ, ಲಾಡ್ಜಿನ ತೆರಿಗೆ ಏರಿಸಿ ಕಳೆ ಕೀಳಬಾರದೇ? 2003ರ ರಾಜ್ಯ ಕಾನೂನು ಅಡ್ಡ ನಿಂತಿತು. ಹೊಸದಾಗಿ ಹಾಕುವ ಅಥವಾ ಏರಿಸುವ ಲಾಡ್ಜ್ ತೆರಿಗೆಯಲ್ಲಿ ಕನಿಷ್ಠ ಶೇ. 70ನ್ನು ಪ್ರವಾಸೋದ್ಯಮಕ್ಕೇ ಖರ್ಚು ಮಾಡಬೇಕೆಂದು ಅದು ಹೇಳಿತು. ಊರಿಗೆ ಬನ್ನಿ ಎಂದು ಕರೆಯಲು ಹಣವಿದೆ. ಬಂದ ಊರು ಹೊತ್ತಿಕೊಳ್ಳದಂತೆ ನೋಡಿಕೊಳ್ಳುವುದು ಬೇರೆ ಬಾಬತ್ತು.

*

ಸಂಬಳ ಕೇಳದ ನೌಕರರೂ ಇದ್ದಾರೆ. ದನಗಳಿಗೆ ವಿಷವಾಗುವ ಟ್ಯಾನ್ಸಿ ರ‍್ಯಾಗ್‌ವರ್ಟ್ ಎಂಬ ಕಳೆಯ ಮೇಲೆ 1960ರಿಂದ ಒಂದು ಬಗೆಯ ಪತಂಗವನ್ನೂ ಆಮೇಲೆ ಒಂದು ಸಣ್ಣ ಜೀರುಂಡೆಯನ್ನೂ ಬಿಟ್ಟರು. ಪಶ್ಚಿಮ ಒರೆಗಾನಿನಲ್ಲಿ ಅವು ಆ ಕಳೆಯ ಸೊಕ್ಕು ಮುರಿದವು. ಗೋರ್ಸಿನ ಮೇಲೂ ಬೀಜ ತಿನ್ನುವ ಹುಳ, ರಸ ಹೀರುವ ನುಸಿ ಬಿಟ್ಟಿದ್ದಾರೆ. ಆದರೆ ಆ ನುಸಿಯನ್ನೇ ತಿನ್ನುವ ಬೇರೆ ನುಸಿಗಳು ಅಲ್ಲಿದ್ದವು, ಗೋರ್ಸ್ ಬಚಾವಾಯಿತು.

ಬೆಂಗಳೂರಿನಲ್ಲಿ 1984ರಲ್ಲಿ ಪಾರ್ಥೇನಿಯಂ ಮೇಲೆ ಬಿಟ್ಟ ಮೆಕ್ಸಿಕೋದ ಜೀರುಂಡೆ ಇಂದಿಗೂ ಮಳೆಗಾಲದಲ್ಲಿ ಎಲೆ ತಿನ್ನುತ್ತಿದೆ. ಎಂದೋ ಒಮ್ಮೆ ಖರ್ಚು ಮಾಡಿದ ಸಂಶೋಧನೆಯ ಹಣ ಇಷ್ಟು ವರ್ಷ ದುಡಿಯುತ್ತಿದೆ. ಬಜೆಟ್ ಭಾಷಣಗಳಲ್ಲಿ ಇಂಥ ಉಳಿತಾಯಕ್ಕೆ ಒಂದು ಸಾಲೂ ಸಿಗುವುದಿಲ್ಲ.

*

2014ರಲ್ಲಿ ಒರೆಗಾನ್ ಕೃಷಿ ಇಲಾಖೆಗಾಗಿ ಮಾಡಿದ ಅಧ್ಯಯನದ ಪ್ರಕಾರ 25 ಕಳೆಗಳಿಂದ ರಾಜ್ಯಕ್ಕೆ ವರ್ಷಕ್ಕೆ 8.35 ಕೋಟಿ ಡಾಲರ್ ನಷ್ಟ. ಆದರೆ ಆ ನಷ್ಟ ರೈತನ ಹುಲ್ಲುಗಾವಲು, ಅರಣ್ಯದ ಸಸಿ, ಮನೆಯವನ ವಿಮೆ ಹೀಗೆ ಎಲ್ಲರಲ್ಲೂ ಚೂರುಚೂರು ಹಂಚಿಹೋಗುತ್ತದೆ. ಖರ್ಚು ಮಾತ್ರ ಇಡಿಯಾಗಿ ಒಂದು ಕಚೇರಿಯ ಒಂದು ಸಾಲಿನಲ್ಲಿ ಕಾಣುತ್ತದೆ. ಕಂಡದ್ದಕ್ಕೆ ಕತ್ತರಿ.

ಇಷ್ಟು ಬರೆದ ಮೇಲೆ ನನಗೆ ಸಿಕ್ಕ ತೀರ್ಮಾನ ಸಣ್ಣದು. ಈ ಕೌಂಟಿಗಳು ಸೋತದ್ದು ಬಡತನದಿಂದ ಮಾತ್ರವಲ್ಲ. ಮೂವತ್ತು ವರ್ಷ ಬಾಳುವ ಬೀಜದ ಎದುರು ವರ್ಷಕ್ಕೊಮ್ಮೆ ಹುಟ್ಟಿ ಸಾಯುವ ಹಣವನ್ನು ನಿಲ್ಲಿಸಿದ್ದೇ ಹೆಚ್ಚಿನ ಕಾರಣ. ಮರದ ಹಣ ಹರಿಯುತ್ತಿದ್ದ ದಶಕಗಳಲ್ಲಿ ಒಂದು ಪಾಲನ್ನು ಮೂಲಧನವಾಗಿ ಎತ್ತಿಟ್ಟು, ಅದರ ಬಡ್ಡಿಯಲ್ಲಿ ಒಬ್ಬ ಇನ್‌ಸ್ಪೆಕ್ಟರನನ್ನಾದರೂ ಸಾಕಿದ್ದರೆ ಕತೆ ಬೇರೆಯಾಗುತ್ತಿತ್ತು. ಹಣ ಕಡಿಮೆಯಿದ್ದರೆ ನೂರು ಎಕರೆ ಒಮ್ಮೆ ಸವರುವುದಕ್ಕಿಂತ ಐದು ಎಕರೆಯನ್ನು ಹತ್ತಾರು ವರ್ಷ ಕಾಯುವುದೇ ಮೇಲು.

ನಮ್ಮಲ್ಲಿ ಆಗಸ್ಟ್ 16ರಿಂದ 22ರವರೆಗೆ ಪಾರ್ಥೇನಿಯಂ ಜಾಗೃತಿ ಸಪ್ತಾಹ ನಡೆಯುತ್ತದೆ. ಕೈಗವಸು ಹಾಕಿಕೊಂಡು ಗಿಡ ಕಿತ್ತ ಫೋಟೊ ಪತ್ರಿಕೆಗಳಲ್ಲಿ ಬರುತ್ತದೆ. ಒಂದೇ ಗಿಡ ಸಾವಿರಾರು ಬೀಜ ಉದುರಿಸುವ ಕಳೆಗೆ ಏಳು ದಿನ ಎಲ್ಲಿ ಸಾಕು? ಮುಂದಿನ ಗ್ರಾಮಸಭೆಯಲ್ಲಿ ಕಳೆ ಕೀಳಲು ಎಷ್ಟು ಹಣ ಇಟ್ಟಿದ್ದೀರಿ ಎಂದು ಕೇಳಬೇಡಿ. ಕಿತ್ತ ಜಾಗಕ್ಕೆ ಬರುವ ವರ್ಷ, ಅದರ ಮುಂದಿನ ವರ್ಷ ಯಾರು ಬರುತ್ತಾರೆ, ಅವರ ಕೂಲಿ ಯಾವ ಲೆಕ್ಕದಲ್ಲಿದೆ ಎಂದು ಕೇಳಿ. ಉತ್ತರ ಬರುವವರೆಗೆ ಕೇಳುತ್ತಲೇ ಇರಿ.