ಕ್ಯಾಂಪಿನ ಒಳಮನೆಯ ಬೆಳಕು

ಬೆಳಗಾವಿಯ ಪೇಟೆಯ ಗದ್ದಲವನ್ನು ಹಿಂದಿಕ್ಕಿ ಖಾನಾಪುರ ರಸ್ತೆಯನ್ನು ಹಿಡಿದವನಿಗೆ, ಊರು ಮುಗಿಯಿತೇನೋ ಎನ್ನುವಷ್ಟರಲ್ಲಿ ಬೇರೊಂದು ಊರು ಎದುರಾಗುತ್ತದೆ. ರಸ್ತೆ ಅಗಲವಾಗುತ್ತದೆ, ಮರಗಳು ದೊಡ್ಡವಾಗುತ್ತವೆ, ಮನೆಗಳು ರಸ್ತೆಯಿಂದ ಹಿಂದೆ ಸರಿದು ವಿಶಾಲವಾದ ಆವಾರಗಳೊಳಗೆ ಮರೆಯಾಗಿ ಕುಳಿತಿರುತ್ತವೆ. ಇದೇ ಕ್ಯಾಂಪು. 1818ರಲ್ಲಿ ಬೆಳಗಾವಿಯ ಕೋಟೆ ಕಂಪನಿ ಸರಕಾರದ ವಶವಾಯಿತು. 1832ರಲ್ಲಿ ಇಲ್ಲಿ ದಂಡಿನ ಠಾಣ್ಯ ನೆಲೆಗೊಂಡಿತು. ಅದರ ಬೆನ್ನಲ್ಲಿಯೇ ಬಂಗಲೆಗಳು ಬಂದವು, 1856ರಲ್ಲಿ ಸೇಂಟ್ ಪಾಲ್ಸ್ ಶಾಲೆ ಬಂದಿತು, 1869ರಲ್ಲಿ ಸೇಂಟ್ ಮೇರಿ ಚರ್ಚು ಪೂರ್ಣವಾಯಿತು. ಪ್ರವಾಸಿಗರು ಇವುಗಳನ್ನು ಹೊರಗಿನಿಂದ ನೋಡಿ, ಪೇಟೆಗೆ ಮರಳಿ ಕುಂದಾ ಕಟ್ಟಿಸಿಕೊಂಡು ಹೋಗುತ್ತಾರೆ. ನಾನು ಹೇಳಹೊರಟಿರುವುದು ಆ ಬಂಗಲೆಗಳ ಒಳಗಿನ ಮಾತು; ಅಲ್ಲಿಯ ಕುರ್ಚಿ ಮೇಜುಗಳ ಮೇಲೆ ಬೀಳುವ ಬೆಳಕಿನ ಮಾತು.

ಇವುಗಳನ್ನು ಕಟ್ಟಿಸಿದವರಿಗೆ ಚಿತ್ರಕಲೆಯ ಚಿಂತೆಯೇನೂ ಇರಲಿಲ್ಲ; ಬಿಸಿಲಿನ ಅಂಜಿಕೆ ಮಾತ್ರ ಬಲವಾಗಿತ್ತು. ಆದುದರಿಂದಲೇ ಅಗಲವಾದ ವರಾಂಡ, ಅದರ ಮೇಲೆ ತಗ್ಗಾಗಿ ಇಳಿದ ಹೆಂಚಿನ ಮಾಡು, ಒಳಗೆ ಎತ್ತರದ ಕೋಣೆ. ನೇರ ಬಿಸಿಲು ವರಾಂಡದ ಅಂಚಿನಲ್ಲಿಯೇ ನಿಂತುಬಿಡುತ್ತದೆ. ಒಳಗೆ ಬರುವುದು ಅಂಗಳದ ನೆಲಕ್ಕೆ ತಾಕಿ ಮರಳಿದ ಬೆಳಕು. ಅದು ಕೆಳಗಿನಿಂದ, ಒಂದೇ ಮಗ್ಗುಲಿನಿಂದ, ಮೆಲ್ಲಗೆ ಬರುತ್ತದೆ. ಮೇಲಿನ ತೊಲೆಗಳು ಕತ್ತಲೆಯಲ್ಲಿದ್ದರೆ ಮೇಜಿನ ಅಂಚು, ಹೂಜಿಯ ಹೊಟ್ಟೆ, ಕುರ್ಚಿಯ ತೋಳು, ಇವಷ್ಟೇ ಬೆಳಗುತ್ತಿರುತ್ತವೆ. ಚಿತ್ರಕಾರರು ತಮ್ಮ ಕೆಲಸದ ಕೋಣೆಗೆ ಉತ್ತರದ ಕಿಟಕಿಯನ್ನೇ ಬೇಡುತ್ತಾರೆಂಬುದನ್ನು ವಾಚಕರು ಕೇಳಿರಬಹುದು. ಆ ದಿಕ್ಕಿನಿಂದ ಬಿಸಿಲು ಒಳಹೊಕ್ಕುವುದು ಅಪರೂಪವಾದುದರಿಂದ ನೆರಳು ಗಳಿಗೆಗೊಮ್ಮೆ ಜಾಗ ಬದಲಿಸುವುದಿಲ್ಲ. ಸುಮಾರು 2,500 ಅಡಿ ಎತ್ತರದ ಬೆಳಗಾವಿಯಲ್ಲಿ, ಜೂನ್ ತಿಂಗಳಿಂದ ಸೆಪ್ಟೆಂಬರದ ವರೆಗೆ ಮೋಡ ಕವಿದಿರುವಾಗ, ಮನೆಯ ಪ್ರತಿಯೊಂದು ಕಿಟಕಿಯೂ ಉತ್ತರದ ಕಿಟಕಿಯೇ ಸರಿ.

ಕಳೆದ ಮಳೆಗಾಲದಲ್ಲಿ ಪರಿಚಿತರೊಬ್ಬರೊಡನೆ ಅಂಥ ಒಂದು ಬಂಗಲೆಗೆ ಹೋಗಿದ್ದೆನು. ಮನೆಯೊಡತಿ ವೃದ್ಧರು. ಅವರು ಚಹ ತರುವವರೆಗೆ ನಾನು ಮೂಲೆಯಲ್ಲಿದ್ದ ಬೆತ್ತದ ಕುರ್ಚಿಯನ್ನೂ, ಅದರ ಪಕ್ಕದ ಸ್ಟೂಲಿನ ಮೇಲಿದ್ದ ಹಿತ್ತಾಳೆಯ ಚರಿಗೆ, ಎರಡು ನಿಂಬೆಯ ಹಣ್ಣುಗಳನ್ನೂ ನೋಡುತ್ತ ಕುಳಿತಿದ್ದೆನು. "ಆ ಮುರುಕ ಕುರ್ಚಿ ಏನ್ ನೋಡ್ತೀರ್ರಿ? ಗ್ವಾಡಿ ಮ್ಯಾಲೆ ನಮ್ಮ ಮಾವನವರ ಫೋಟೋ ಅದ, ಅದನ್ನ ನೋಡ್ರಿ" ಎಂದು ಆ ತಾಯಿ ನಕ್ಕರು. ಮಾವನವರ ಭಾವಚಿತ್ರ ಚೆನ್ನಾಗಿಯೇ ಇತ್ತು. ಆದರೂ ನನ್ನ ಕಣ್ಣು ಮತ್ತೆ ಆ ಚರಿಗೆಗೇ ತಿರುಗಿತು.

ನಮ್ಮ ಚಿತ್ರಕಲೆಯ ಸ್ಥಿತಿಯೆಲ್ಲ ಆ ತಾಯಿಯ ಮಾತಿನಲ್ಲಿ ಅಡಗಿದೆ. ಗೋಡೆಯ ಮೇಲೆ ದೇವರಿರಬೇಕು, ಇಲ್ಲವೆ ಹಿರಿಯರಿರಬೇಕು. ಬಹಳವಾದರೆ ಒಂದು ಜಲಪಾತವಿರಬಹುದು. ಮನೆಯ ಚರಿಗೆ ತಂಬಿಗೆಗಳು ಚಿತ್ರಕ್ಕೆ ಅರ್ಹವೆಂದು ನಾವು ಎಣಿಸಿಲ್ಲ. ಇಂಗ್ಲಿಷರು ಇಂಥ ಚಿತ್ರವನ್ನು "ಸ್ಟಿಲ್ ಲೈಫ್", ಅಂದರೆ ನಿಶ್ಚಲ ಜೀವನ, ಎಂದು ಕರೆದರು. ಫ್ರೆಂಚರು "ನಾತ್ಯೂರ್ ಮೋರ್ತ್", ಮೃತ ಪ್ರಕೃತಿ, ಎಂದರು. ಒಂದೇ ಮೇಜನ್ನು ನೋಡಿ ಒಬ್ಬರು ಜೀವನವೆಂದರೆ ಇನ್ನೊಬ್ಬರು ಮರಣವೆಂದುದು ವಿಚಿತ್ರವೇ. ನಾವು ವಸ್ತುಚಿತ್ರವೆಂದು ಕರೆದು, ಪರೀಕ್ಷೆಗೆ ಒಪ್ಪಿಸಿ, ಕೈತೊಳೆದುಕೊಂಡೆವು. 1956ರ ವರೆಗೆ ಬೆಳಗಾವಿ ಮುಂಬಯಿ ಪ್ರಾಂತದಲ್ಲಿದ್ದಿತಷ್ಟೆ. ಇಲ್ಲಿಯ ಎಷ್ಟೋ ಮಕ್ಕಳು ಮುಂಬಯಿ ಸರಕಾರದ ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಡ್ರಾಯಿಂಗ್ ಪರೀಕ್ಷೆಗಳಿಗೆ ಕುಳಿತು ಕೊಡ, ಬಟ್ಟಲು, ಪುಸ್ತಕಗಳನ್ನು ಬರೆದು ತೇರ್ಗಡೆ ಹೊಂದಿದರು. ತೇರ್ಗಡೆಯಾದ ಮರುದಿನದಿಂದ ಕೊಡದ ಕಡೆಗೆ ಕಣ್ಣೆತ್ತಿಯೂ ನೋಡಲಿಲ್ಲ. ಬೆಳಗಾವಿಗೆ ಒಳ್ಳೆಯ ಗುರುಗಳ ಕೊರತೆಯಿತ್ತೆಂದಲ್ಲ. ರವಿ ಪರಾಂಜಪೆಯವರಂಥ (1935–2022) ಶಿಷ್ಯರನ್ನು ಕೊಟ್ಟ ಕೆ. ಬಿ. ಕುಲಕರ್ಣಿಯವರು ಇಲ್ಲಿಯವರೇ. ಆದರೆ ಅವರ ಕೀರ್ತಿಯೂ ಹಬ್ಬಿದ್ದು ಭಾವಚಿತ್ರ ನಿಸರ್ಗಚಿತ್ರಗಳಿಂದ.

ಈಗೀಗ ಇಬ್ಬರು ಕಲಾವಿದರು ಕೂಡಿ ಒಂದೇ ಸಭಾಗೃಹದಲ್ಲಿ ಚಿತ್ರಗಳನ್ನು ತೂಗಹಾಕುವ ರೂಢಿಯುಂಟು. ಬಾಡಿಗೆಯ ಹೊರೆ ಅರ್ಧವಾಗುವುದೊಂದು ಲಾಭ. ಒಬ್ಬನ ಚಿತ್ರ ಇನ್ನೊಬ್ಬನ ಚಿತ್ರವನ್ನು ನೋಡಲು ಕಲಿಸುವುದು ಅದಕ್ಕಿಂತ ದೊಡ್ಡ ಲಾಭ. ಅಂಥದೊಂದು ಪ್ರದರ್ಶನವನ್ನು ಕ್ಯಾಂಪಿನ ಬಂಗಲೆಯಲ್ಲಿ ನಡೆಸುವ ಅಧಿಕಾರ ನನಗೆ ಸಿಕ್ಕರೆ ಯಾರನ್ನು ಕರೆತರುವೆನೆಂದು ಆ ಮಧ್ಯಾಹ್ನ ಯೋಚಿಸಿದೆನು. ಮನೋರಾಜ್ಯಕ್ಕೆ ಖರ್ಚಿಲ್ಲವಷ್ಟೆ! ಒಬ್ಬರು ಡೆನ್ಮಾರ್ಕಿನ ವಿಲ್ಹೆಲ್ಮ್ ಹಾಮರ್ಸ್‌ಹೋಯ್ (1864–1916), ಇನ್ನೊಬ್ಬರು ಇಟಲಿಯ ಜೋರ್ಜೋ ಮೊರಾಂಡಿ (1890–1964).

ಹಾಮರ್ಸ್‌ಹೋಯ್ ಕೋಪನ್‌ಹೇಗನ್ನಿನ ಸ್ಟ್ರಾಂಡ್‌ಗೇಡ್ ಬೀದಿಯ 30ನೆಯ ಮನೆಯಲ್ಲಿ 1898ರಿಂದ 1909ರ ವರೆಗೆ ವಾಸವಾಗಿದ್ದು, ಅದೇ ಮನೆಯ ಕೋಣೆಗಳನ್ನೇ ಮತ್ತೆ ಮತ್ತೆ ಬರೆದರು. ತೆರೆದ ಬಾಗಿಲು, ಅದರಾಚೆ ಇನ್ನೊಂದು ಬಾಗಿಲು, ಬೂದಿಬಣ್ಣದ ಗೋಡೆ, ಬೆನ್ನು ತಿರುಗಿಸಿ ನಿಂತ ಹೆಂಡತಿ ಈಡಾ. ಇಷ್ಟೇ ಸಾಮಗ್ರಿ. ಮೊರಾಂಡಿಯ ಸಂಸಾರ ಇನ್ನೂ ಚಿಕ್ಕದು. ಬೊಲೋನ್ಯಾ ನಗರದಲ್ಲಿ ಮೂವರು ತಂಗಿಯರೊಡನೆ ಇದ್ದ ಆ ಅವಿವಾಹಿತ, ಮಲಗುವ ಕೋಣೆಯಲ್ಲಿಯೇ ಶೀಶೆ, ಡಬ್ಬಿ, ಹೂಜಿಗಳನ್ನು ಜೋಡಿಸಿಕೊಂಡು ಜೀವಮಾನವನ್ನೆಲ್ಲ ಅವುಗಳ ಎದುರಿನಲ್ಲಿ ಕಳೆದರು. ಹೊಳಪು ಕಣ್ಣಿಗೆ ಅಡ್ಡ ಬರಬಾರದೆಂದು ಕೆಲವು ಶೀಶೆಗಳಿಗೆ ಬಣ್ಣ ಬಳಿದರು. ಅವುಗಳ ಮೇಲೆ ಕೂತ ಧೂಳನ್ನು ಒರೆಸಗೊಡಲಿಲ್ಲ. (ನಮ್ಮ ಮನೆಗಳಲ್ಲಾಗಿದ್ದರೆ ತಂಗಿಯರು ಸುಮ್ಮನಿರುತ್ತಿದ್ದರೇ?) ಒಬ್ಬರು ಕೋಣೆಯನ್ನು ಬರೆದು ವಸ್ತುಗಳನ್ನು ಹೊರಹಾಕಿದರು, ಇನ್ನೊಬ್ಬರು ವಸ್ತುಗಳನ್ನು ಬರೆದು ಕೋಣೆಯನ್ನು ಮರೆತರು. ಕ್ಯಾಂಪಿನ ಬಂಗಲೆ ಹಾಮರ್ಸ್‌ಹೋಯ್ ಅವರಿಗೆ ಹೇಳಿ ಕಟ್ಟಿಸಿದಂತಿದೆ. ಮೊರಾಂಡಿಯವರನ್ನಾದರೋ ನಾನು ರೈಲು ಹತ್ತಿಸಿ ಖಾನಾಪುರಕ್ಕೆ ಕರೆದೊಯ್ಯುವೆನು.

ಬೆಳಗಾವಿಯಿಂದ ಖಾನಾಪುರ ಸುಮಾರು 26 ಕಿಲೋಮೀಟರು. ಮಲಪ್ರಭೆ ಕಣಕುಂಬಿಯಲ್ಲಿ ಹುಟ್ಟಿ, ಇನ್ನೂ ಎಳೆಯ ಹೊಳೆಯಾಗಿಯೇ ಈ ಊರನ್ನು ಹಾಯ್ದು ಹೋಗುತ್ತದೆ. ಇಲ್ಲಿಯ ಮಣ್ಣು ಗಡಿಗೆಗೂ ಹೆಂಚಿಗೂ ಹೆಸರಾದುದು. ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆಯ ಸಂಸ್ಥೆಯೊಂದು ಇಲ್ಲಿಯೇ ಇದೆ. ಆವಿಗೆಯಲ್ಲಿ ಗಾಳಿ ಧಾರಾಳವಾಗಿ ಆಡಿದರೆ ಮಣ್ಣಿನೊಳಗಿನ ಕಬ್ಬಿಣದ ಅಂಶ ಕೆಂಪೇರಿ ಗಡಿಗೆ ಕೆಂಪಾಗುತ್ತದೆ; ಗಾಳಿಯನ್ನು ತಡೆದು ಹೊಗೆಯನ್ನು ಒಳಗೇ ಕಟ್ಟಿಹಾಕಿದರೆ ಅದೇ ಮಣ್ಣು ಕಪ್ಪಾಗುತ್ತದೆ. ಮೆರುಗು ಕೊಡದ ಈ ಮಣ್ಣಿನ ಮೈ ಬೆಳಕನ್ನು ಹೀರುತ್ತದೆ. ತಾಮ್ರದ ಹಂಡೆ ಅದನ್ನು ತಿರುಗಿ ಎಸೆಯುತ್ತದೆ. ಎರಡನ್ನೂ ಅಕ್ಕಪಕ್ಕ ಇಟ್ಟು ಬರೆಯಬಲ್ಲವನು ಪರೀಕ್ಷೆಯ ಮಟ್ಟವನ್ನು ದಾಟಿದನೆಂದೇ ತಿಳಿಯಬೇಕು. ಒಂದು ಹರವಿಯನ್ನು ಬೆರಳಿನಿಂದ ಬಾರಿಸಿ ನಾದ ಕೇಳಿ ಕೊಳ್ಳುವ ನಮ್ಮ ಗೃಹಿಣಿಯರಿಗೆ ಅದರ ಆಕಾರದ ಅರಿವಿಲ್ಲವೆಂದು ಯಾರು ಹೇಳಿಯಾರು?

ಈ ಕಡೆಯ ಹಳೆಯ ಮನೆಗಳಲ್ಲಿ ಬೆಳಕಿನ ದಾರಿಯೇ ಬೇರೆ. ಬಂಗಲೆಯಲ್ಲಿ ಅದು ಮಗ್ಗುಲಿನಿಂದ ಬಂದರೆ ಇಲ್ಲಿ ನೆತ್ತಿಯ ಮೇಲಿನಿಂದ ಇಳಿಯುತ್ತದೆ: ಮಾಳಿಗೆಯ ಮನೆಗೆ ಬೆಳಕಿಂಡಿ, ಹೆಂಚಿನ ಮನೆಗೆ ಒಂದು ಗಾಜಿನ ಹೆಂಚು. ಕತ್ತಲೆಯ ಅಡಿಗೆಮನೆಯಲ್ಲಿ ರೊಟ್ಟಿಯ ಹಂಚಿನ ಹೊಗೆ ಆ ಬೆಳಕಿನ ಕೋಲನ್ನು ಸುತ್ತಿ ಏರುತ್ತದೆ. ನೆಲದ ಮೇಲಿನ ಬಿಸಿಲ ತುಣುಕು ಒಲೆಯಿಂದ ಬೀಸುಕಲ್ಲಿಗೆ, ಬೀಸುಕಲ್ಲಿನಿಂದ ನೀರಿನ ಹರವಿಗೆ ನಡೆದುಹೋಗುವುದನ್ನು ನೋಡಿ ನಮ್ಮ ಅಜ್ಜಿಯಂದಿರು ಹೊತ್ತನ್ನು ಎಣಿಸುತ್ತಿದ್ದರು. ಈ ಬೆಳಕನ್ನು ಬರೆದ ಚಿತ್ರಗಳು ನಮ್ಮಲ್ಲಿ ಬೆರಳೆಣಿಕೆಯಷ್ಟೂ ಸಿಗುವುದು ಕಷ್ಟ. ಒಳಮನೆಯ ಬೆಳಕೆಂದೊಡನೆ ನಮಗೆ ನೆನಪಾಗುವುದು ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ, ದೀಪ ಹಿಡಿದ ಹೆಂಗಸಿನ ಚಿತ್ರ. ಎಷ್ಟೋ ಜನ ಅದನ್ನು ರವಿವರ್ಮನದೆಂದು ತಿಳಿದಿದ್ದಾರೆ. ಅದು ಬೆಳಗಾವಿಯಿಂದ ಆಂಬೋಲಿ ಘಟ್ಟವನ್ನಿಳಿದರೆ ಸಿಗುವ ಸಾವಂತವಾಡಿಯ ಎಸ್. ಎಲ್. ಹಳದಣಕರರು (1882–1968) ತಮ್ಮ ಮಗಳನ್ನೇ ಎದುರಿಗೆ ನಿಲ್ಲಿಸಿಕೊಂಡು ಜಲವರ್ಣದಲ್ಲಿ ಬರೆದುದು. ಬೆರಳ ಸಂದಿಯಲ್ಲಿ ಹೊಳೆಯುವ ಆ ಕೆಂಪು ಅದ್ಭುತವೇ ಸರಿ. ಆದರೆ ಅಲ್ಲಿಯೂ ಮುಖ ಉಂಟು, ಮನೆಯಿಲ್ಲ.

ವಸ್ತುಗಳ ಮೇಲಿನ ಪ್ರೀತಿ ನಮಗೆ ಹೊಸದೆಂದು ಯಾರೂ ಹೇಳಲಾರರು. ಇದೇ ಜಿಲ್ಲೆಯ ಗೋಕಾಕದ ಕುಶಲಿಗಳು ಮಾಡಿದ ಬಣ್ಣದ ಮಾವು, ಸೀತಾಫಲ, ಬದನೆಕಾಯಿಗಳು ಉತ್ತರ ಕರ್ನಾಟಕದ ಎಷ್ಟು ಮನೆಗಳ ಗಾಜಿನ ಕಪಾಟಿನಲ್ಲಿ ಕುಳಿತಿಲ್ಲ! ಹಣ್ಣನ್ನು ತಿನ್ನದೆ ಸುಮ್ಮನೆ ನೋಡುವ ಸುಖವನ್ನು ಬಲ್ಲವರು ನಾವು. ಬಡೋದೆಯ ಭೂಪೇನ ಖಖ್ಖರರು 1972ರಲ್ಲಿ ಒಂದು ಬಡ ಗಡಿಯಾರ ರಿಪೇರಿಯ ಅಂಗಡಿಯನ್ನು ದೊಡ್ಡ ಚಿತ್ರದ ವಿಷಯವನ್ನಾಗಿ ಮಾಡಿದರು. ಕ್ಯಾಂಪಿನ ಓಣಿಗಳಲ್ಲಿ ಅಂಥ ದರ್ಜಿಯ ಅಂಗಡಿಗಳೂ ಬೇಕರಿಗಳೂ ಇನ್ನೂ ಇವೆ.

ಇನ್ನೂ ಇವೆ ಎಂದೆನು. ಎಷ್ಟು ಕಾಲವೆಂಬುದು ಬೇರೆ ಮಾತು. ಕ್ಯಾಂಟೋನ್ಮೆಂಟಿನ ಅನೇಕ ಬಂಗಲೆಗಳಲ್ಲಿ ನೆಲ ಸರಕಾರದ್ದು, ಮೇಲಿನ ಕಟ್ಟಡ ಮಾತ್ರ ಒಡೆಯರದು. ಅಪ್ಪಣೆಯಿಲ್ಲದೆ ಕೆಡವುವಂತಿಲ್ಲ, ಬದಲಿಸುವಂತಿಲ್ಲ. ಈ ಕಟ್ಟಳೆಯಿಂದಲೇ ಅವು ಇಷ್ಟು ದಿನ ಉಳಿದವು. ಇದೇ ಕಟ್ಟಳೆಯಿಂದ ದುರಸ್ತಿ ತಡವಾಗಿ ಸೋರುತ್ತಲೂ ಇವೆ. ಹಳ್ಳಿಯ ಮನೆಗಳಿಗೆ ಸ್ಲ್ಯಾಬು ಬಿದ್ದು ಬೆಳಕಿಂಡಿ ಮುಚ್ಚಿಹೋಯಿತು. ಹಂಡೆಗಳು ಮೋಡಿಗೆ ಹೋದವು. ಹೋದುದನ್ನು ತಡೆಯುವ ಶಕ್ತಿ ಚಿತ್ರಕಾರನಿಗಿಲ್ಲ. ಆದರೆ ಅಡಿಗೆಮನೆಯಲ್ಲಿ ಬೆಳಕು ಎಲ್ಲಿಂದ ಬೀಳುತ್ತಿತ್ತು, ಹರವಿ ಯಾವ ಮೂಲೆಯಲ್ಲಿತ್ತು ಎಂಬುದನ್ನು ಮೊಮ್ಮಕ್ಕಳಿಗೆ ತೋರಿಸಬಲ್ಲವನು ಅವನೊಬ್ಬನೇ. ಫೋಟೋ ತೆಗೆಯುವವರು ನಮ್ಮಲ್ಲಿ ಬೇಕಾದಷ್ಟು ಮಂದಿಯಿದ್ದಾರೆ. ಅವರೂ ಮದುವೆಯ ಮನೆಯಲ್ಲಿ ಹಂಡೆಯನ್ನು ಪಕ್ಕಕ್ಕೆ ಸರಿಸಿಯೇ ಫೋಟೋ ತೆಗೆಯುತ್ತಾರೆ.

ಕ್ಯಾಂಪನ್ನು ನೋಡಹೋಗುವವರು ಮಳೆ ಹಿಡಿದ ಮುಂಜಾನೆಯನ್ನೇ ಆರಿಸಿಕೊಳ್ಳಲಿ. ಪರಿಚಯವಿದ್ದಲ್ಲಿ ಒಂದು ಬಂಗಲೆಯ ವರಾಂಡದಲ್ಲಿ ಅರ್ಧ ತಾಸು ಕುಳಿತು, ಬಾಗಿಲೊಳಗಿನ ಕೋಣೆಯನ್ನು ನೋಡಲಿ. ಮಧ್ಯಾಹ್ನದ ಗಾಡಿಗೆ ಖಾನಾಪುರಕ್ಕೆ ಹೋದರೆ ಸಂಜೆಯೊಳಗೆ ಒಂದು ಗಡಿಗೆ ಕೊಂಡು ಮರಳಬಹುದು. ಹುಲ್ಲು ಸುತ್ತಿ ಕಟ್ಟಿಸಿಕೊಳ್ಳುವುದು ಒಳ್ಳೆಯದು. ರೈಲಿನ ನೂಕುನುಗ್ಗಲಿನಲ್ಲಿ ಕಂಠ ಒಡೆಯುವ ಸಂಭವವುಂಟು.