ಕಂಸಾಳೆಯ ಸಾಕ್ಷ್ಯ

ಮೈಸೂರಿನ ನಿವೃತ್ತ ಕನ್ನಡ ಅಧ್ಯಾಪಕರೊಬ್ಬರ ಮನೆಯಲ್ಲಿ, ಪುಸ್ತಕದ ಬೀರುವಿನ ಕೆಳಗಿನ ಅರೆಯಲ್ಲಿ, 14 ಕ್ಯಾಸೆಟ್ಟುಗಳು ಮೂರು ದಶಕಗಳಿಗೂ ಮೀರಿ ಮಲಗಿದ್ದವು. ಎಂಬತ್ತರ ದಶಕದಲ್ಲಿ ಕೊಳ್ಳೇಗಾಲದ ಕಡೆಯ ಒಂದು ಹಳ್ಳಿಯಲ್ಲಿ, ವಿದ್ಯುತ್ತಿಲ್ಲದ ಜಗುಲಿಯ ಮೇಲೆ, ದೇವರಗುಡ್ಡರೊಬ್ಬರು ಇರುಳೆಲ್ಲ ಹಾಡಿದ ಮಲೆಯ ಮಾದೇಶ್ವರನ ಕಾವ್ಯದ ಧ್ವನಿಮುದ್ರಣವದು. ಅದನ್ನು ಕೇಳಿ ಕೇಳಿ ಬರೆದುಕೊಂಡ ಪಠ್ಯ ಪುಸ್ತಕವಾಗಿತ್ತು. ಪಠ್ಯಕ್ಕಿಂತ ಅದರ ಪ್ರಸ್ತಾವನೆಗೇ ಹೆಚ್ಚು ಹೆಸರು ಬಂದಿತ್ತು. ಸಂಕಮ್ಮನ ಸಾಲಿನಲ್ಲಿ ನೀಲೇಗೌಡನು ಹೆಂಡತಿಯಿಂದ ಬಲಗೈ ಭಾಷೆ ಕೇಳುತ್ತಾನೆ, ಅವಳು ಒಪ್ಪುವುದಿಲ್ಲ, ಹಿಂಸೆ ಮೊದಲಾಗುತ್ತದೆ. ಅಲ್ಲಿ ಗಾಯಕನ ದನಿ ಮೆಲ್ಲಮೆಲ್ಲನೆ ಏರಿ, ಲಯ ಬಿರುಸಾಗಿ, ಹಾಡುವವನೇ ಸಂಕಮ್ಮನಾಗಿಬಿಡುತ್ತಾನೆ ಎಂಬುದು ಆ ಪ್ರಸ್ತಾವನೆಯ ತಿರುಳು. ಹಲವು ತಂಡದ ವಿದ್ಯಾರ್ಥಿಗಳು ಇದನ್ನೇ ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದರು.

ಆ ಭಾಗವನ್ನು ಕಿವಿಯಾರೆ ಕೇಳಬೇಕೆಂದು ಸಂಶೋಧನ ವಿದ್ಯಾರ್ಥಿನಿಯೊಬ್ಬಳು ಬಂದಳು. ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿಕೊಡುವ ಹೊಣೆಯನ್ನೂ ಹೊತ್ತಳು.

ಮೊದಲ ದಿನ ಕೆಟ್ಟಿತು. ಟೇಪ್ ಡೆಕ್ಕಿನ ಹೆಡ್‌ಫೋನ್ ರಂಧ್ರದಿಂದ ಲ್ಯಾಪ್‌ಟಾಪಿನ ಮೈಕ್ ರಂಧ್ರಕ್ಕೆ ಒಂದು ತಂತಿ ಎಳೆದಾಗ ಗಾಯಕನ ದನಿ ಒಡೆದ ಮಡಕೆಯಂತೆ ಕೇಳಿತು. ಮೈಕ್ ರಂಧ್ರ ಬಯಸುವುದು ವೋಲ್ಟಿನ ಸಾವಿರದ ಕೆಲವು ಪಾಲಿನಷ್ಟು ಸಣ್ಣ ಸಂಕೇತವನ್ನು. ಡೆಕ್ ಕೊಡುವುದು ಅದರ ಹಲವು ಪಟ್ಟು. ಸಾಲದೆಂಬಂತೆ, ಲ್ಯಾಪ್‌ಟಾಪು ಮಾತಿನ ಅನುಕೂಲಕ್ಕಾಗಿ ಮೆಲುದನಿಯನ್ನು ಏರಿಸಿ ಗಟ್ಟಿದನಿಯನ್ನು ತಗ್ಗಿಸಿ ತಾನೇ ಸಮಮಾಡುತ್ತಿತ್ತು. ಕಾವ್ಯದ ಏರಿಳಿತವನ್ನು ಒಪ್ಪ ಮಾಡುವ ಇಂಥ ಲಿಪಿಕಾರನಿಂದ ಆಗುವ ಕೇಡು ಹಸ್ತಪ್ರತಿಗಳನ್ನು ಬಲ್ಲವರಿಗೆ ಹೊಸದಲ್ಲ. ಮರುದಿನ ಆಕೆ ಡೆಕ್ಕಿನ ಹಿಂಬದಿಯ ಲೈನ್ ಔಟ್‌ನಿಂದ ಒಂದು ಯುಎಸ್‌ಬಿ ಆಡಿಯೋ ಇಂಟರ್‌ಫೇಸಿಗೆ ತಂತಿ ಕೊಟ್ಟು, ಅಲ್ಲಿಂದ ಲ್ಯಾಪ್‌ಟಾಪಿಗೆ ಜೋಡಿಸಿದಳು. ಜುಂಯ್ ಎನ್ನುವ 50 ಹರ್ಟ್ಸ್ ಗುಂಗು ಚಾರ್ಜರನ್ನು ಕಿತ್ತೊಡನೆ ನಿಂತಿತು. ಸೆಕೆಂಡಿಗೆ 48,000 ಮಾದರಿ, ಪ್ರತಿ ಮಾದರಿಗೆ 24 ಬಿಟ್: ಧ್ವನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘವು ಇದಕ್ಕೆ ಕಡಿಮೆಯಾಗಬಾರದೆನ್ನುತ್ತದೆ. ಎರಡು ಚಾನೆಲ್ಲಿನ ಒಂದು ಗಂಟೆಗೆ ಸುಮಾರು 1 ಗಿಗಾಬೈಟ್ ಜಾಗ ಬೇಕು. ಅವಸರಕ್ಕೆ ಎಡೆಯಿಲ್ಲ, 60 ನಿಮಿಷದ ಕ್ಯಾಸೆಟ್ಟು 60 ನಿಮಿಷವನ್ನೇ ಕೇಳುತ್ತದೆ.

ಇಷ್ಟಾದರೂ ಕಂಸಾಳೆ ಮಂಕಾಗಿತ್ತು. ಮುದ್ರಿಸಿಕೊಂಡ ಯಂತ್ರದ ಹೆಡ್ಡೂ ಓದುವ ಯಂತ್ರದ ಹೆಡ್ಡೂ ಕೂದಲೆಳೆಯಷ್ಟು ಓರೆಯಾಗಿ ಬೇರೆಯಾದರೆ ಮೊದಲು ಮಾಯವಾಗುವುದು ಮೇಲಿನ ನಾದಗಳೇ. ಸ್ಪಿರಿಟಿನಿಂದ ಹೆಡ್ಡನ್ನು ಒರೆಸಿ, ಅದರ ಪಕ್ಕದ ಸಣ್ಣ ತಿರುಪನ್ನು ತುಸುತುಸುವೇ ತಿರುಗಿಸುತ್ತ ಹೋದಂತೆ, ಕಂಚು ಒಮ್ಮೆಗೇ ಝಣ್ ಎಂದಿತು. ಅಧ್ಯಾಪಕರು ಕುರ್ಚಿಯಿಂದ ಎದ್ದು ನಿಂತರು.

ಹಿಸ್ ಸದ್ದನ್ನು ತೆಗೆದುಬಿಡಲೇ ಎಂದು ಆಕೆ ಕೇಳಿದಾಗ ಅವರು ಬೇಡವೆಂದರು. ಮೂಲವನ್ನು ತಿದ್ದಿದ ಮೇಲೆ ಪಾಠಾಂತರದ ಮಾತೆಲ್ಲಿ ಬಂತು?

ಏಳನೆಯ ಕ್ಯಾಸೆಟ್ಟಿನ ಎರಡನೆಯ ಬದಿ ಸಂಕಮ್ಮನದು. ದನಿ ಏರಿತು, ಲಯ ಬಿರುಸಾಯಿತು, ಪ್ರಸ್ತಾವನೆಯಲ್ಲಿ ಬರೆದಂತೆಯೇ. ಅಧ್ಯಾಪಕರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಆಕೆ ಮಾತ್ರ ಪರದೆಯನ್ನು ನೋಡುತ್ತಿದ್ದಳು. ನಾದದ ಸ್ಥಾಯಿಗಳನ್ನು ಗೆರೆಗಳಾಗಿ ತೋರುವ ಚಿತ್ರವದು. ಕಂಸಾಳೆಯ ಪ್ರತಿ ಬಡಿತವೂ ಅಲ್ಲಿ ಒಂದಷ್ಟು ಗೆರೆಗಳನ್ನು ಮೂಡಿಸುತ್ತಿತ್ತು. ಅರ್ಧ ಗಂಟೆಯುದ್ದಕ್ಕೂ ಆ ಗೆರೆಗಳು ದನಿಯ ಜೊತೆಜೊತೆಗೇ ಮೇಲೇರಿದ್ದವು, ಕೊನೆಗೆ ಒಂದು ಸ್ವರಸ್ಥಾನಕ್ಕಿಂತಲೂ ಹೆಚ್ಚು.

"ಸಾರ್, ಹಾಡುವವರ ದನಿ ಏರಬಹುದು. ಕಂಚು ಏರುತ್ತದೆಯೆ?"

ಅಧ್ಯಾಪಕರು ಉತ್ತರಿಸಲಿಲ್ಲ. ಬೇರೊಂದು ಡೆಕ್ಕಿನಲ್ಲಿ ಹಾಕಿ ನೋಡಿದರೂ ಅದೇ ಏರು. ಎಂಟನೆಯ ಕ್ಯಾಸೆಟ್ಟಿನ ಮೊದಲಲ್ಲಿ ಕಂಸಾಳೆ ತನ್ನ ಹಳೆಯ ಸ್ಥಾಯಿಗೇ ಮರಳಿತ್ತು. ಅವರು ಬೀರು ತೆರೆದು ಆ ಕಾಲದ ಟಿಪ್ಪಣಿ ಪುಸ್ತಕ ಹುಡುಕಿದರು. ಖರ್ಚಿನ ಪುಟದಲ್ಲಿ, ಎಲೆ ಅಡಿಕೆಯ ಲೆಕ್ಕದ ಕೆಳಗೆ, ಅವರದೇ ಅಕ್ಷರ: ಏಳು ಮುಗಿದ ಮೇಲೆ ಸೆಲ್ಲು ಬದಲಾಯಿಸಿದ್ದು.

ಸೆಲ್ಲು ಸೊರಗಿದಂತೆ ಟೇಪು ನಿಧಾನವಾಗಿ ಓಡುತ್ತ ಮುದ್ರಿಸಿಕೊಂಡಿತ್ತು. ಹಾಗೆ ಮುದ್ರಿತವಾದುದನ್ನು ಸೆಕೆಂಡಿಗೆ 4.76 ಸೆಂಟಿಮೀಟರಿನ ಸಹಜ ವೇಗದಲ್ಲಿ ಓಡಿಸಿದರೆ ದನಿ ಏರಲೇಬೇಕು, ಲಯ ಬಿರುಸಾಗಲೇಬೇಕು. ತುಣುಕು ತುಣುಕಾಗಿ ಹಿಂದೆ ಮುಂದೆ ಓಡಿಸಿ ಪಠ್ಯ ಬರೆದುಕೊಂಡ ಕಿವಿಗೆ ಇದು ತಿಳಿಯದೆ ಹೋದದ್ದು ಅಪರಾಧವಲ್ಲ. ಆದರೆ ಆ ಏರಿಕೆಯ ಮೇಲೆ ಒಂದು ರಸಸಿದ್ಧಾಂತವನ್ನೇ ನಿಲ್ಲಿಸಲಾಗಿತ್ತು.

ಮೊದಲಿನ ಕಡತವನ್ನು ಮುಟ್ಟದೆ ಇರಿಸಿ, ಆಕೆ ಅದರ ಇನ್ನೊಂದು ಪ್ರತಿ ಮಾಡಿದಳು. ಕಂಸಾಳೆಯ ಗೆರೆ ಮಟ್ಟಸವಾಗುವವರೆಗೆ ಅದರ ವೇಗವನ್ನು ತಿದ್ದಿ ಕೇಳಿಸಿದಳು. ಗಾಯಕನು ಎಲ್ಲೂ ಉದ್ವೇಗಗೊಂಡಿರಲಿಲ್ಲ. ಸಂಕಮ್ಮನ ಹಿಂಸೆಯನ್ನು ಅವನು, ಊರಿನವರಿಗೆಲ್ಲ ಗೊತ್ತಿರುವ ಸಂಗತಿಯನ್ನು ಮತ್ತೊಮ್ಮೆ ಹೇಳುವವನ ಹಾಗೆ, ಸಮನಾದ ತಗ್ಗುದನಿಯಲ್ಲಿ, ಒಂದು ಪದಕ್ಕೂ ಅವಸರಪಡದೆ ಹಾಡಿದ್ದನು. ಕೇಳಲು ಅದು ಮೊದಲಿನದಕ್ಕಿಂತ ಕಷ್ಟವಾಗಿತ್ತು.

"ಇದನ್ನು ನಾನು ಪ್ರಬಂಧದಲ್ಲಿ ಬರೆಯಬೇಕಾಗುತ್ತದೆ ಸಾರ್" ಎಂದಳು.

"ಬರಿಯಮ್ಮ. ಪ್ರಸ್ತಾವನೆಯ ಪುಟಸಂಖ್ಯೆಯನ್ನೂ ಕೊಡು."

ತಮ್ಮ ಪುಸ್ತಕದ ಆ ಪುಟವನ್ನು ತೆಗೆದು ಅವರು ಅಂಚಿನಲ್ಲಿ ಪೆನ್ಸಿಲಿನಿಂದ 'ಸೆಲ್ಲು' ಎಂದಷ್ಟೇ ಬರೆದರು. ಬಳಿಕ ಎಂಟನೆಯ ಕ್ಯಾಸೆಟ್ಟನ್ನು ಮೊದಲಿನಿಂದ ಹಾಕುವಂತೆ ಹೇಳಿದರು.